ಪೆಟ್ಟು ತಿಂದ ಪ್ರತಿಭೆಯ ವಿನಿಮಯ: ಐಸ್ ಹಾಕಿಯ ಒಂದು ವ್ಯವಹಾರದ ಲೆಕ್ಕಾಚಾರ

ಗೋದಾಮಿನಲ್ಲಿ ಪೆಟ್ಟು ಬಿದ್ದ ಮಾಲು ಉಳಿದುಕೊಂಡಾಗ ವರ್ತಕನ ಮುಂದೆ ಸಾಮಾನ್ಯವಾಗಿ ಎರಡು ದಾರಿಗಳಿರುತ್ತವೆ. ಒಳ್ಳೆಯ ಗಿರಾಕಿ ಬರುವವರೆಗೆ ಕಾಯುವುದು ಒಂದು. ಸಿಕ್ಕಿದ ಬೆಲೆಗೆ ಕೊಟ್ಟು ಕೈತೊಳೆದುಕೊಳ್ಳುವುದು ಇನ್ನೊಂದು. ಆ ಮಾಲನ್ನು ಹಣಕ್ಕೆ ಮಾರದೆ ಬೇರೊಂದು ಮಾಲಿಗೆ ಬದಲಾಯಿಸಿಕೊಳ್ಳುವ ಸಂದರ್ಭದಲ್ಲಿ ಮಾತ್ರ ಮೂರನೆಯ ಪ್ರಶ್ನೆಯೊಂದು ಹುಟ್ಟಿಕೊಳ್ಳುತ್ತದೆ: ನಮ್ಮ ಮಾಲಿನ ದೋಷ ನಮಗೆ ಗೊತ್ತು, ಎದುರು ಪಕ್ಷದಿಂದ ಬರುತ್ತಿರುವ ಮಾಲಿನ ದೋಷ ಗೊತ್ತಿದೆಯೇ? ಕೆಟ್ಟದ್ದನ್ನು ಸಾಗಹಾಕುವ ಆತುರದಲ್ಲಿ ಈ ಮೂರನೆಯ ಪ್ರಶ್ನೆಯನ್ನು ಕೇಳದೆ ಬಿಟ್ಟ ಉದಾಹರಣೆಗಳು ಪ್ರತಿಯೊಬ್ಬ ಲೆಕ್ಕಪರಿಶೋಧಕನ ಕಡತದಲ್ಲೂ ಇರುತ್ತವೆ. ಪ್ರಸ್ತುತ ಲೇಖನದಲ್ಲಿ ಅಂಥ ಒಂದು ಉದಾಹರಣೆಯನ್ನು ದೂರದ ಕ್ಷೇತ್ರವೊಂದರಿಂದ ಆರಿಸಿಕೊಳ್ಳಲಾಗಿದೆ. ಅದು ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ 2021ರ ಜುಲೈ 17ರಂದು ಮೂರು ತಂಡಗಳ ನಡುವೆ ನಡೆದ ಆಟಗಾರರ ವಿನಿಮಯ. ಅದರ ವಿವರಗಳೆಲ್ಲ ಬಹಿರಂಗವಾಗಿರುವುದರಿಂದಲೂ, ಫಲಿತಾಂಶವು ಈಗಾಗಲೇ ತಿಳಿದಿರುವುದರಿಂದಲೂ ಅಧ್ಯಯನಕ್ಕೆ ಅನುಕೂಲವಾಗಿದೆ.

ಹಾಕಿ ಎಂದೊಡನೆ ನಮ್ಮ ಓದುಗರಿಗೆ ಕೊಡಗಿನ ಮೈದಾನಗಳೂ, 1997ರಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವವೂ ನೆನಪಾಗುವುದು ಸಹಜ. ಇಲ್ಲಿ ಹೇಳಹೊರಟಿರುವುದು ಹಿಮದ ಹಾಸಿನ ಮೇಲೆ ಆಡುವ, ಮೈಗೆ ಮೈ ತಾಗಿಸಿ ಕೆಡವುದಕ್ಕೆ ನಿಯಮದಲ್ಲೇ ಅವಕಾಶವಿರುವ ಬೇರೆಯೇ ಆಟವನ್ನು. ಆದ್ದರಿಂದಲೇ ಅಲ್ಲಿ ಗಾಯವೆಂಬುದು ಆಕಸ್ಮಿಕವಲ್ಲ, ಉದ್ಯಮದ ನಿತ್ಯದ ಸವಕಳಿ.

ವಿನಿಮಯವಾಗುವುದು ಏನು?

ಅಮೆರಿಕ ಮತ್ತು ಕೆನಡಾದ ತಂಡಗಳನ್ನೊಳಗೊಂಡ ನ್ಯಾಷನಲ್ ಹಾಕಿ ಲೀಗ್‌ನಲ್ಲಿ ಪ್ರತಿ ವರ್ಷ ‘ಡ್ರಾಫ್ಟ್’ ಎಂಬ ಆಯ್ಕೆ ಪ್ರಕ್ರಿಯೆ ನಡೆಯುತ್ತದೆ. ಹದಿನೆಂಟರ ಆಸುಪಾಸಿನ ಉದಯೋನ್ಮುಖ ಆಟಗಾರರನ್ನು ತಂಡಗಳು ಸರದಿಯಂತೆ ಹೆಸರಿಸುತ್ತವೆ. ಹಿಂದಿನ ಋತುವಿನಲ್ಲಿ ಸೋತು ಹಿಂದುಳಿದ ತಂಡಗಳಿಗೆ ಮೊದಲ ಸರದಿ ದೊರೆಯುವ ಸಂಭವ ಹೆಚ್ಚಿರುವಂತೆ ಲಾಟರಿ ಎತ್ತಲಾಗುತ್ತದೆ. ಹೀಗೆ ಹೆಸರಿಸಿದ ಹುಡುಗನೊಡನೆ ಕರಾರು ಮಾಡಿಕೊಳ್ಳುವ ಹಕ್ಕು ಆ ಒಂದು ತಂಡಕ್ಕೆ ಮಾತ್ರ ಇರುತ್ತದೆ. ಮೊದಲ ಕರಾರಿನ ಅವಧಿ ಮುಗಿದ ಮೇಲೂ ಕೆಲವು ವರ್ಷ ಆ ಹಕ್ಕು ಬೇರೆ ಬೇರೆ ರೂಪದಲ್ಲಿ ಮುಂದುವರಿಯುತ್ತದೆ. ಮನುಷ್ಯನನ್ನು ಮಾಲಿಗೆ ಹೋಲಿಸುವುದು ಕಿವಿಗೆ ಹಿತವಲ್ಲವಾದರೂ, ಲೆಕ್ಕದ ಭಾಷೆಯಲ್ಲಿ ಕೈ ಬದಲಾಯಿಸುವುದು ಈ ಹಕ್ಕು ಮತ್ತು ಕರಾರು ಎಂಬುದನ್ನು ಗಮನಿಸಬೇಕು.

ಹಿಂದೆ ಇಂಥ ವ್ಯವಹಾರಗಳಲ್ಲಿ ನಗದು ಧಾರಾಳವಾಗಿ ಸೇರುತ್ತಿತ್ತು. 1988ರಲ್ಲಿ ಖ್ಯಾತ ಆಟಗಾರ ವೇನ್ ಗ್ರೆಟ್ಸ್‌ಕಿಯವರನ್ನು ಎಡ್ಮಂಟನ್ ತಂಡವು ಲಾಸ್ ಏಂಜಲಿಸ್ ತಂಡಕ್ಕೆ ಕೊಟ್ಟಾಗ ಪ್ರತಿಫಲದಲ್ಲಿ ಒಂದೂವರೆ ಕೋಟಿ ಡಾಲರ್ ನಗದು ಇತ್ತು. 2005–06ರಲ್ಲಿ ಪ್ರತಿ ತಂಡದ ಒಟ್ಟು ವೇತನಕ್ಕೆ ಮೇಲ್ಮಿತಿಯನ್ನು ವಿಧಿಸಿದ ತರುವಾಯ ಚಿತ್ರ ಬದಲಾಯಿತು. ಆ ವರ್ಷ 3.9 ಕೋಟಿ ಡಾಲರ್ ಇದ್ದ ಮಿತಿಯು 2021–22ರ ವೇಳೆಗೆ 8.15 ಕೋಟಿಯಾಗಿತ್ತು. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಈ ಗೆರೆಯನ್ನು ದಾಟುವಂತಿಲ್ಲ. ಹೀಗಾಗಿ ಅಲ್ಲಿನ ಇಂದಿನ ನಾಣ್ಯವೆಂದರೆ ಆಟಗಾರರು, ಮುಂದಿನ ವರ್ಷಗಳ ಡ್ರಾಫ್ಟ್ ಸರದಿಗಳು ಮತ್ತು ವೇತನ ಮಿತಿಯೊಳಗಿನ ಖಾಲಿ ಜಾಗ. ಅಂದರೆ ಅದು ಹೆಚ್ಚುಕಡಿಮೆ ಶುದ್ಧ ವಸ್ತುವಿನಿಮಯದ ಮಾರುಕಟ್ಟೆ.

ಮಾಲಿನ ಪೂರ್ವೇತಿಹಾಸ

ಕೆನಡಾದ ವಿನಿಪೆಗ್‌ನಲ್ಲಿ 1998ರಲ್ಲಿ ಜನಿಸಿದ ನೋಲನ್ ಪ್ಯಾಟ್ರಿಕ್ ಬ್ರ್ಯಾಂಡನ್ ಪಟ್ಟಣದ ಕಿರಿಯರ ತಂಡದಲ್ಲಿ ಬೆಳೆದ ಆಟಗಾರ. 2017ರ ಡ್ರಾಫ್ಟ್‌ನಲ್ಲಿ ಅವರೇ ಮೊದಲಿಗರಾಗುವರೆಂಬ ನಿರೀಕ್ಷೆ ಬಹುಕಾಲ ಇತ್ತು. ಆದರೆ 2016ರ ಬೇಸಿಗೆಯಲ್ಲಿ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ, ನಂತರದ ಋತುವಿನಲ್ಲಿ ಅವರು ಆಡಿದ್ದು 33 ಪಂದ್ಯಗಳನ್ನು ಮಾತ್ರ. ಲಾಟರಿಯ ಅದೃಷ್ಟದಿಂದ ಹದಿಮೂರನೆಯ ಸ್ಥಾನದಿಂದ ಎರಡನೆಯ ಸರದಿಗೆ ಜಿಗಿದಿದ್ದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡವು ಅವರನ್ನು ಆರಿಸಿಕೊಂಡಿತು. ಅಂದರೆ ದೋಷವು ಮೊದಲ ದಿನದಿಂದಲೇ ಎಲ್ಲರ ಕಣ್ಣೆದುರಿಗಿತ್ತು.

ಮೊದಲ ಎರಡು ಋತುಗಳು ಕೆಟ್ಟದಾಗಿರಲಿಲ್ಲ. 73 ಪಂದ್ಯಗಳಲ್ಲಿ 30 ಅಂಕ, ಮರುವರ್ಷ 72 ಪಂದ್ಯಗಳಲ್ಲಿ 31 ಅಂಕ. ಬೆಳವಣಿಗೆ ಮಂದವಾಗಿದ್ದರೂ ಇಪ್ಪತ್ತು ವರ್ಷದ ಆಟಗಾರನಿಗೆ ಅದು ಒಪ್ಪತಕ್ಕ ಸಾಧನೆಯೇ. ಆಮೇಲೆ ಬಂದದ್ದು ಮೈಗ್ರೇನ್ ಕಾಯಿಲೆ. 2019–20ರ ಇಡೀ ಋತುವಿನಲ್ಲಿ ಅವರು ಒಂದು ಪಂದ್ಯವನ್ನೂ ಆಡಲಾಗಲಿಲ್ಲ. 2020–21ರಲ್ಲಿ ಮರಳಿ ಬಂದು 52 ಪಂದ್ಯ ಆಡಿದರೂ ದೊರೆತದ್ದು 4 ಗೋಲು ಸೇರಿ 9 ಅಂಕ ಮಾತ್ರ.

ಫಿಲಡೆಲ್ಫಿಯಾದ ವ್ಯವಸ್ಥಾಪಕರು ಮಾರಾಟಕ್ಕೆ ನಿಂತದ್ದು ಈ ಹಂತದಲ್ಲಿ. ಅವರ ಮೇಲೆ ಗಡುವಿನ ಒತ್ತಡವೂ ಇತ್ತು. ಸಿಯಾಟಲ್‌ನ ಹೊಸ ತಂಡಕ್ಕಾಗಿ ಜುಲೈ 21ರಂದು ವಿಶೇಷ ಆಯ್ಕೆ ನಿಗದಿಯಾಗಿತ್ತು. ಪ್ರತಿ ತಂಡವೂ ನಿಗದಿತ ಸಂಖ್ಯೆಯ ಆಟಗಾರರನ್ನು ಮಾತ್ರ ರಕ್ಷಿಸಿಕೊಳ್ಳಬಹುದಾಗಿದ್ದು, ಉಳಿದವರಲ್ಲಿ ಒಬ್ಬರನ್ನು ಪುಕ್ಕಟೆಯಾಗಿ ಬಿಟ್ಟುಕೊಡಬೇಕಾಗಿತ್ತು. ರಕ್ಷಿತರ ಪಟ್ಟಿ ಸಲ್ಲಿಸುವ ಮುನ್ನ ವಿನಿಮಯಗಳಿಗೆ ತಡೆ ಬೀಳುತ್ತಿದ್ದುದು ಜುಲೈ 17ರ ಮಧ್ಯಾಹ್ನ. ನಮ್ಮಲ್ಲಿ ಮಾರ್ಚ್ 31ರ ಹಿಂದಿನ ವಾರದಲ್ಲಿ ನಡೆಯುವ ಗಡಿಬಿಡಿಯ ಮಾರಾಟಗಳನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕುತೂಹಲದ ಸಂಗತಿಯೆಂದರೆ, ಕೊನೆಗೆ ಪ್ಯಾಟ್ರಿಕ್ ಅವರನ್ನು ಪಡೆದ ವೇಗಸ್ ತಂಡಕ್ಕೆ ಈ ವಿಶೇಷ ಆಯ್ಕೆಯಿಂದ ಪೂರ್ಣ ವಿನಾಯಿತಿ ಇತ್ತು. ಗಡುವಿನ ಒತ್ತಡವಿಲ್ಲದ ಕೊಳ್ಳುಗ, ಗಡುವು ತಲೆಯ ಮೇಲೆ ನಿಂತ ಮಾರಾಟಗಾರ.

ವ್ಯವಹಾರ ಮತ್ತು ಅದರ ಫಲ

ಫಿಲಡೆಲ್ಫಿಯಾವು ಪ್ಯಾಟ್ರಿಕ್ ಮತ್ತು ಫಿಲಿಪ್ ಮೈಯರ್ಸ್ ಎಂಬ ಯುವ ರಕ್ಷಣಾ ಆಟಗಾರನನ್ನು ನ್ಯಾಷ್‌ವಿಲ್‌ಗೆ ಕೊಟ್ಟು, ಅನುಭವಿ ರಕ್ಷಣಾ ಆಟಗಾರ ರಯಾನ್ ಎಲ್ಲಿಸ್ ಅವರನ್ನು ಪಡೆಯಿತು. ನ್ಯಾಷ್‌ವಿಲ್ ಕೂಡಲೇ ಪ್ಯಾಟ್ರಿಕ್ ಅವರನ್ನು ವೇಗಸ್‌ಗೆ ದಾಟಿಸಿ ಕೋಡಿ ಗ್ಲಾಸ್ ಅವರನ್ನು ಪಡೆಯಿತು. ಗ್ಲಾಸ್ ಕೂಡ ವಿನಿಪೆಗ್‌ನವರೇ, 2017ರ ಅದೇ ಡ್ರಾಫ್ಟ್‌ನ ಆರನೆಯ ಆಯ್ಕೆ. ಅವರೂ ಮೊಣಕಾಲಿನ ಗಾಯವನ್ನು ಅನುಭವಿಸಿದ್ದವರು.

ವೇಗಸ್ ತಂಡದ ಮುಖ್ಯ ವ್ಯವಸ್ಥಾಪಕ ಕೆಲ್ಲಿ ಮೆಕ್ರಿಮನ್ ಅವರ ಪಾತ್ರ ಇಲ್ಲಿ ಗಮನಾರ್ಹ. ಪ್ಯಾಟ್ರಿಕ್ ಬೆಳೆದ ಬ್ರ್ಯಾಂಡನ್ ತಂಡದ ಮಾಲೀಕರೂ ತರಬೇತುದಾರರೂ ಆಗಿದ್ದವರು ಇವರೇ. ಹುಡುಗನನ್ನು ಇವರಿಗಿಂತ ಚೆನ್ನಾಗಿ ಬಲ್ಲ ಕೊಳ್ಳುಗ ಬೇರೊಬ್ಬನಿರಲಿಲ್ಲ. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಹಳೆಯ ಕಾರುಗಳ ಪೇಟೆಯಲ್ಲಿ ಮಾರುವವನಿಗೆ ಗೊತ್ತಿರುವಷ್ಟು ಕೊಳ್ಳುವವನಿಗೆ ಗೊತ್ತಿಲ್ಲದಿರುವುದೇ ಪೇಟೆಯನ್ನು ಹಾಳುಗೆಡವುತ್ತದೆಂದು ತೋರಿಸಿದರು. (ಅದೇ ಪ್ರಬಂಧದಲ್ಲಿ ಭಾರತದ ಸಾಲದ ಮಾರುಕಟ್ಟೆಯ ಪ್ರಸ್ತಾಪವೂ ಇದೆ, 2001ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು.) ಪ್ಯಾಟ್ರಿಕ್ ಪ್ರಕರಣದಲ್ಲಿ ಈ ಕೊರತೆ ಅತ್ಯಲ್ಪವಾಗಿತ್ತು. ಆದರೂ ವೇಗಸ್‌ನಲ್ಲಿ ಅವರು ಆಡಿದ್ದು 2021–22ರ 25 ಪಂದ್ಯಗಳನ್ನು ಮಾತ್ರ. ಮುಂದಿನ ಋತುವಿನಲ್ಲಿ ಒಂದನ್ನೂ ಆಡಲಿಲ್ಲ. ಲೀಗ್‌ನಲ್ಲಿ ಅವರ ವೃತ್ತಿಜೀವನ ಅಲ್ಲಿಗೇ ನಿಂತಿತು.

ಹಾಗಾದರೆ ಗೆದ್ದದ್ದು ಫಿಲಡೆಲ್ಫಿಯಾ ಎನ್ನಬಹುದೇ? ಅವರಿಗೆ ಬಂದ ಎಲ್ಲಿಸ್ ಆಡಿದ ಪಂದ್ಯಗಳ ಸಂಖ್ಯೆ ನಾಲ್ಕು. 2021ರ ನವೆಂಬರ್ ನಂತರ, ಸೊಂಟದ ಭಾಗದ ಸಂಕೀರ್ಣ ಗಾಯದಿಂದ ಅವರು ಮತ್ತೆ ಅಂಕಣಕ್ಕಿಳಿಯಲಿಲ್ಲ. ಅವರ ಎಂಟು ವರ್ಷಗಳ 5 ಕೋಟಿ ಡಾಲರ್ ಕರಾರಿನಲ್ಲಿ ವರ್ಷಕ್ಕೆ ಸರಾಸರಿ 62.5 ಲಕ್ಷದಂತೆ ಇನ್ನೂ ಆರು ವರ್ಷ ಉಳಿದಿದ್ದವು. ಅಂದರೆ ವೇತನ ಮಿತಿಯ ಲೆಕ್ಕದಲ್ಲಿ 3.75 ಕೋಟಿ ಡಾಲರ್ ಹೊಣೆ.

ನಡುವೆ ನಿಂತ ನ್ಯಾಷ್‌ವಿಲ್ ಮಾತ್ರ ಮೂವತ್ತು ವಯಸ್ಸಿನ ಆಟಗಾರನ ದೀರ್ಘ ಕರಾರಿನ ಹೊಣೆಯಿಂದ ಬಿಡುಗಡೆ ಪಡೆಯಿತು. ಗ್ಲಾಸ್ 2022–23ರಲ್ಲಿ 72 ಪಂದ್ಯಗಳಿಂದ 35 ಅಂಕ ಗಳಿಸಿಕೊಟ್ಟರು. ಆ ಬೆಳಕು ಉಳಿಯಲಿಲ್ಲ, 2024ರ ಆಗಸ್ಟ್‌ನಲ್ಲಿ ಅವರನ್ನು ಡ್ರಾಫ್ಟ್ ಸರದಿಗಳ ಸಮೇತ ಪಿಟ್ಸ್‌ಬರ್ಗ್‌ಗೆ ಸಾಗಿಸಬೇಕಾಯಿತು. ಮೈಯರ್ಸ್ ಅವರನ್ನು 2022ರ ಜುಲೈನಲ್ಲಿ ಟ್ಯಾಂಪಾ ಬೇ ತಂಡಕ್ಕೆ ಕೊಟ್ಟು ನುರಿತ ಆಟಗಾರ ರಯಾನ್ ಮೆಕ್‌ಡೊನಾ ಅವರನ್ನು ಪಡೆದುಕೊಂಡರು. ನ್ಯಾಷ್‌ವಿಲ್ ಏನನ್ನಾದರೂ ಮುಚ್ಚಿಟ್ಟಿತ್ತೆಂದು ಹೇಳಲು ಆಧಾರವಿಲ್ಲ, ಹಾಗೆ ಸೂಚಿಸುವುದೂ ನನ್ನ ಉದ್ದೇಶವಲ್ಲ. ಮುಚ್ಚಿಡುವ ಅಗತ್ಯವೇ ಇರಲಿಲ್ಲ. ಎಲ್ಲಿಸ್ ಹಿಂದಿನ ಎರಡು ಋತುಗಳಲ್ಲಿ ಆಡಿದ್ದು ಕ್ರಮವಾಗಿ 49 ಮತ್ತು 35 ಪಂದ್ಯಗಳು ಎಂಬುದು ಯಾರು ಬೇಕಾದರೂ ನೋಡಬಹುದಾದ ಅಂಕಿಅಂಶವಾಗಿತ್ತು.

ದೋಷಕ್ಕೆ ಬೆಲೆ ಕಟ್ಟುವ ಬಗೆ

ನನ್ನ ಅಭಿಪ್ರಾಯದಲ್ಲಿ ಫಿಲಡೆಲ್ಫಿಯಾವು ಪ್ಯಾಟ್ರಿಕ್ ಅವರನ್ನು ಕೊಟ್ಟದ್ದು ಸರಿಯಾದ ನಿರ್ಧಾರ. ಎರಡನೆಯ ಸರದಿಯಂಥ ಅಮೂಲ್ಯ ಹಕ್ಕನ್ನು ಖರ್ಚು ಮಾಡಿದ್ದೇವೆಂಬ ಕಾರಣಕ್ಕೆ ಹಿಡಿದಿಟ್ಟುಕೊಳ್ಳುವುದು ಮುಳುಗಿದ ವೆಚ್ಚಕ್ಕೆ ಬಡ್ಡಿ ಕಟ್ಟಿದಂತೆ. ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ವಸೂಲಾತಿ ಮೌಲ್ಯ, ಇವೆರಡರಲ್ಲಿ ಯಾವುದು ಕಡಿಮೆಯೋ ಅದರಲ್ಲಿ ತೋರಿಸಬೇಕು. ಈ ನಿಯಮ ಎಲ್ಲರಿಗೂ ಬಾಯಿಪಾಠವಾಗಿದ್ದರೂ, ಅದೇ ಹಳೆಯ ಮಾಲು ಅದೇ ವೆಚ್ಚದಲ್ಲಿ ಮೂರು ನಾಲ್ಕು ವರ್ಷ ಅಖೈರು ದಾಸ್ತಾನಿನ ಪಟ್ಟಿಯಲ್ಲಿ ಕುಳಿತಿರುವುದನ್ನು ನಾವು ನೋಡುತ್ತಲೇ ಇದ್ದೇವೆ.

ಗಾಯದ ಇತಿಹಾಸವಿರುವ ಪ್ರತಿಭೆಯ ಬೆಲೆಯನ್ನು ನಿರ್ಧರಿಸುವುದು ಹೇಗೆ? ಕೇವಲ ಉದಾಹರಣೆಗಾಗಿ, ಪೂರ್ಣ ಆರೋಗ್ಯವಿದ್ದರೆ ಆತನ ಮೌಲ್ಯ 100 ಎಂದಿಟ್ಟುಕೊಳ್ಳೋಣ. ಹಾಗಾಗುವ ಸಂಭವ ನಾಲ್ಕರಲ್ಲಿ ಒಂದು. ಅರೆಬರೆ ಆರೋಗ್ಯದಿಂದ 40ರ ಮೌಲ್ಯ ಉಳಿಯುವ ಸಂಭವವೂ ನಾಲ್ಕರಲ್ಲಿ ಒಂದು. ಉಳಿದ ಅರ್ಧ ಸಂಭವದಲ್ಲಿ ಮೌಲ್ಯ ಸೊನ್ನೆ. ಆಗ ಒಟ್ಟು ನಿರೀಕ್ಷಿತ ಮೌಲ್ಯ 25 ಮತ್ತು 10 ಸೇರಿ 35. ಇಬ್ಬರೂ ಇದೇ ಸಂಭವಗಳನ್ನು ಒಪ್ಪಿಕೊಂಡರೂ ಇಬ್ಬರಿಗೂ ಆತನ ಉಪಯುಕ್ತತೆ ಒಂದೇ ಅಲ್ಲ. ಈ ವರ್ಷವೇ ಗೆಲ್ಲಬೇಕಾದ ತಂಡಕ್ಕೆ ಮುಖ್ಯ ಸ್ಥಾನವೊಂದು ಖಾಲಿ ಬಿದ್ದರೆ 35 ಎಂಬುದು ಕಾಗದದ ಮೇಲಿನ ಅಂಕಿ. ಬೇರೆ ಸಮರ್ಥರು ಸಾಕಷ್ಟಿರುವ ತಂಡಕ್ಕೆ ಆತ ಆಡಿದರೆ ಲಾಭ, ಆಡದಿದ್ದರೆ ಅಂಥ ನಷ್ಟವಿಲ್ಲ. ವೇಗಸ್ ಇಂಥ ತಂಡವಾಗಿತ್ತು. ಪ್ಯಾಟ್ರಿಕ್ ಅವರ ವೇತನವೂ ವರ್ಷಕ್ಕೆ 12 ಲಕ್ಷ ಡಾಲರ್ ಮಾತ್ರ. ನಷ್ಟವಾಯಿತು, ಆದರೆ ಅದು ಮೊದಲೇ ಅಳತೆಗೆ ಸಿಕ್ಕಿದ್ದ ನಷ್ಟ. ಫಿಲಡೆಲ್ಫಿಯಾದ ನಷ್ಟ ಅಂಥದ್ದಲ್ಲ. ಗೊತ್ತಿದ್ದ ದೋಷವು ಪ್ಯಾಟ್ರಿಕ್ ಅವರ ಬೆಲೆಯಲ್ಲಿ ಆಗಲೇ ಕಡಿತವಾಗಿತ್ತು. ಎಲ್ಲಿಸ್ ಅವರ ಬೆಲೆಯಲ್ಲಾದರೋ ಅವರನ್ನು ಗಟ್ಟಿ ಮಾಲೆಂದೇ ಎಣಿಸಲಾಗಿತ್ತು.

ದೋಷಗಳಲ್ಲಿಯೂ ಎರಡು ಬಗೆಗಳಿವೆ. ಅದೇ ವೇಗಸ್ ತಂಡವು ನಾಲ್ಕು ತಿಂಗಳೊಳಗೆ, 2021ರ ನವೆಂಬರ್ 4ರಂದು, ಮತ್ತೊಬ್ಬ ಗಾಯಾಳುವನ್ನು ಕೊಂಡಿತು. ಬಫಲೋ ತಂಡದ ತಾರೆ ಜ್ಯಾಕ್ ಐಕೆಲ್ ಕುತ್ತಿಗೆಯ ಬೆನ್ನೆಲುಬಿನ ತೊಂದರೆಯಿಂದ ಮಾರ್ಚ್ ತಿಂಗಳಿನಿಂದಲೇ ಆಡಿರಲಿಲ್ಲ. ಮೂಳೆಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ಬಫಲೋದ ವೈದ್ಯರು ಸೂಚಿಸಿದರೆ, ಕೃತಕ ಬಿಲ್ಲೆ ಅಳವಡಿಕೆಯೇ ಬೇಕೆಂದು ಐಕೆಲ್ ಪಟ್ಟುಹಿಡಿದರು. ಲೀಗ್‌ನ ಯಾವ ಆಟಗಾರನಿಗೂ ಅದುವರೆಗೆ ಅದನ್ನು ಮಾಡಿರಲಿಲ್ಲ. ಕರಾರಿನಂತೆ ಕೊನೆಯ ಮಾತು ತಂಡದ್ದು. ವೇಗಸ್ ಅವರ ಇಚ್ಛೆಗೆ ಒಪ್ಪಿತು, ಅಲೆಕ್ಸ್ ಟಕ್, ಪೇಟನ್ ಕ್ರೆಬ್ಸ್ ಮತ್ತು ಡ್ರಾಫ್ಟ್ ಸರದಿಗಳನ್ನು ಬೆಲೆಯಾಗಿ ತೆತ್ತಿತು. ಶಸ್ತ್ರಚಿಕಿತ್ಸೆಯಾಗಿ 2022ರ ಫೆಬ್ರುವರಿಯಲ್ಲಿ ಐಕೆಲ್ ಮರಳಿ ಆಡಿದರು. 2023ರಲ್ಲಿ ವೇಗಸ್ ಸ್ಟ್ಯಾನ್ಲಿ ಕಪ್ ಗೆದ್ದಾಗ ಅಂತಿಮ ಹಂತದ ಪಂದ್ಯಗಳಲ್ಲಿ 26 ಅಂಕಗಳೊಡನೆ ಎಲ್ಲರಿಗಿಂತ ಮುಂದಿದ್ದವರು ಅವರೇ. ಐಕೆಲ್ ಅವರ ದೋಷಕ್ಕೆ ಹೆಸರಿತ್ತು, ಜಾಗವಿತ್ತು, ದುರಸ್ತಿಯ ವಿಧಾನವಿತ್ತು. ಪ್ಯಾಟ್ರಿಕ್ ಅವರ ಮೈಗ್ರೇನ್‌ಗೆ ಇಷ್ಟು ತಿಂಗಳಲ್ಲಿ ಗುಣವಾಗುತ್ತದೆಂಬ ಲೆಕ್ಕ ಇರಲಿಲ್ಲ. ಬೇರಿಂಗ್ ಸವೆದ ಲೇತ್ ಯಂತ್ರಕ್ಕೂ, ಯಾವಾಗ ಯಾಕೆ ನಿಲ್ಲುತ್ತದೆಂದು ಮೆಕ್ಯಾನಿಕ್‌ಗೂ ತಿಳಿಯದ ಯಂತ್ರಕ್ಕೂ ಒಂದೇ ರಿಯಾಯಿತಿ ಕೇಳುವ ಉತ್ಪಾದಕ ನಮ್ಮಲ್ಲಿಲ್ಲ.

ಷರತ್ತು ಎಂಬ ವಿಮೆ

ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೋಧಪ್ರದವೆನಿಸಿದ ಅಂಶವು ಇಪ್ಪತ್ತು ವರ್ಷ ಹಿಂದಿನದು. ಅದೇ ಫಿಲಡೆಲ್ಫಿಯಾ ತಂಡದ ಬಳಿ ಎರಿಕ್ ಲಿಂಡ್ರೋಸ್ ಎಂಬ ಮಹಾನ್ ಆಟಗಾರರಿದ್ದರು. ತಲೆಗೆ ಮೇಲಿಂದ ಮೇಲೆ ಪೆಟ್ಟಾಗಿ, ತಂಡದೊಡನೆ ವಿರಸವೂ ಬೆಳೆದು 2000–01ರ ಋತುವನ್ನು ಅವರು ಪೂರ್ತಿ ಕಳೆದುಕೊಂಡಿದ್ದರು. 2001ರ ಆಗಸ್ಟ್‌ನಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡವು ಮೂವರು ಆಟಗಾರರನ್ನೂ ಒಂದು ಡ್ರಾಫ್ಟ್ ಸರದಿಯನ್ನೂ ಕೊಟ್ಟು ಅವರನ್ನು ಪಡೆಯಿತು. ಆದರೆ ಒಂದು ಷರತ್ತಿನೊಡನೆ. ಋತುವಿನ ಮೊದಲ 50 ಪಂದ್ಯಗಳೊಳಗೆ ಲಿಂಡ್ರೋಸ್ ಅವರಿಗೆ ಮತ್ತೆ ಮಿದುಳಿನ ಆಘಾತವಾಗಿ, ಅವರು 12 ತಿಂಗಳು ಆಡಲಾಗದೆ ಹೋದಲ್ಲಿ, ಫಿಲಡೆಲ್ಫಿಯಾವು ತನ್ನ 2003ರ ಮೊದಲ ಸುತ್ತಿನ ಸರದಿಯನ್ನು ಪರಿಹಾರವಾಗಿ ಕೊಡಬೇಕಿತ್ತು. ಲಿಂಡ್ರೋಸ್ ಆ ವರ್ಷ 72 ಪಂದ್ಯ ಆಡಿದ್ದರಿಂದ ಷರತ್ತು ಜಾರಿಗೆ ಬರಲಿಲ್ಲ. ಆದರೂ ಕೊಳ್ಳುಗನ ಭಯವನ್ನು ಕರಾರಿನ ಒಂದು ವಾಕ್ಯದಲ್ಲಿ ಅಳತೆಗೆ ತಂದು ಹಂಚಿಕೊಂಡ ರೀತಿ ಮಾದರಿಯಾದುದು.

ಮಾರಾಟಗಾರನಾಗಿ ಇಂಥ ಷರತ್ತಿಗೆ ಒಪ್ಪಿದ್ದ ಅದೇ ತಂಡ, 2021ರಲ್ಲಿ ಕೊಳ್ಳುಗನಾಗಿ ಎಲ್ಲಿಸ್ ಅವರನ್ನು ಪಡೆಯುವಾಗ ಪ್ರಕಟವಾದ ಕರಾರಿನಲ್ಲಿ ಯಾವ ಷರತ್ತೂ ಇರಲಿಲ್ಲ. ಎಲ್ಲರ ಗಮನವೂ ಹೊರಹೋಗುತ್ತಿದ್ದ ಆಟಗಾರನ ಆರೋಗ್ಯದ ಮೇಲಿತ್ತು.

ನಮ್ಮ ಕಾನೂನಿನಲ್ಲೂ ಷರತ್ತನ್ನು ಬರೆದುಕೊಳ್ಳದವನಿಗೆ ಹೆಚ್ಚಿನ ಆಸರೆ ಇಲ್ಲ. 1872ರ ಕರಾರು ಕಾಯಿದೆಯ 17ನೆಯ ಕಲಮಿನ ವಿವರಣೆಯಂತೆ, ಮಾತನಾಡುವ ಕರ್ತವ್ಯವಿಲ್ಲದಿದ್ದಲ್ಲಿ ಕೇವಲ ಮೌನವು ವಂಚನೆಯಾಗದು. ಕುದುರೆಯ ದೋಷವನ್ನು ಬಲ್ಲವನು ಹರಾಜಿನಲ್ಲಿ ಅದನ್ನು ಹೇಳದೆ ಮಾರಿದ ಉದಾಹರಣೆಯನ್ನು ಕಾಯಿದೆಯೇ ಕೊಡುತ್ತದೆ. 1930ರ ಸರಕು ಮಾರಾಟ ಕಾಯಿದೆಯ 16ನೆಯ ಕಲಮು ಕೊಳ್ಳುಗನಿಗೆ ಕೆಲವು ರಕ್ಷಣೆಗಳನ್ನು ನೀಡಿದರೂ, ಪರೀಕ್ಷಿಸಿ ಕೊಂಡವನಿಗೆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷದ ಬಗ್ಗೆ ಆ ರಕ್ಷಣೆ ಇಲ್ಲ. ಅಲ್ಲದೆ ಆ ಕಾಯಿದೆಯಲ್ಲಿ ಬೆಲೆಯೆಂದರೆ ಹಣ. ಮಾಲಿಗೆ ಮಾಲು ಬದಲಾಯಿಸಿದಾಗ ಅದು ನೇರವಾಗಿ ಅನ್ವಯಿಸುವುದಿಲ್ಲ. ತೆರಿಗೆ ಇಲಾಖೆ ಮಾತ್ರ ಈ ಭೇದ ಎಣಿಸುವುದಿಲ್ಲವೆಂಬುದನ್ನು ಸದಸ್ಯರು ಮರೆಯಬಾರದು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆ, 2017ರ 7ನೆಯ ಕಲಮಿನಂತೆ ವಿನಿಮಯವೂ ಪೂರೈಕೆಯೇ. ಹಳೆಯ ಯಂತ್ರ ಕೊಟ್ಟು ಹೊಸದನ್ನು ತರುವವರು ಬದಲಿಗೆ ಕೊಟ್ಟ ಯಂತ್ರಕ್ಕೂ ಮಾರುಕಟ್ಟೆ ಮೌಲ್ಯದ ಆಧಾರದ ಮೇಲೆ ಬೀಜಕ ಬರೆಯಬೇಕಾಗುತ್ತದೆ. ಅದನ್ನು ಬರೆಯುವ ಹೊತ್ತಿಗಾದರೂ ಎರಡೂ ಮಾಲುಗಳ ನಿಜಬೆಲೆ ಏನೆಂಬ ಚರ್ಚೆ ನಡೆದರೆ ಒಳ್ಳೆಯದು.

ಇನ್ನು ಎಲ್ಲಿಸ್ ಅವರ ಕರಾರಿನ ಗತಿ. ದೀರ್ಘಕಾಲ ಗಾಯಗೊಂಡ ಆಟಗಾರನ ವೇತನ ನಡೆಯುತ್ತಲೇ ಇರುತ್ತದೆ; ಅವನ ಬದಲಿಗೆ ಬೇರೊಬ್ಬನನ್ನು ತೆಗೆದುಕೊಳ್ಳಲು ಮೇಲ್ಮಿತಿಯನ್ನು ಸುಮಾರು ಅಷ್ಟೇ ಮೊತ್ತದಷ್ಟು ಮೀರುವುದಕ್ಕೆ ಲೀಗ್ ಅವಕಾಶ ಕೊಡುತ್ತದೆ. ಮೇಲ್ಮಿತಿಯಂತೆಯೇ ಕನಿಷ್ಠ ಮಿತಿಯೂ ಇದ್ದು, ಕಡಿಮೆ ವೆಚ್ಚದ ತಂಡಗಳಿಗೆ ಆಡದಿರುವ ಆಟಗಾರನ ದೊಡ್ಡ ಮೊತ್ತದ ಕರಾರು ಆ ಕೆಳಗೆರೆಯನ್ನು ಮುಟ್ಟಲು ಸಹಾಯಕ್ಕೆ ಬರುತ್ತದೆ. ಹೀಗೆ ಆಟಗಾರನಿಂದ ಬೇರ್ಪಟ್ಟ ಕರಾರೇ ಅಲ್ಲಿ ಒಂದು ಸರಕಾಗಿ ಚಲಾವಣೆಯಲ್ಲಿದೆ. 2025ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾವು ಎಲ್ಲಿಸ್ ಅವರ ಕರಾರನ್ನು ಸ್ಯಾನ್ ಹೋಸೆ ತಂಡಕ್ಕೆ ವರ್ಗಾಯಿಸಿ ಇಬ್ಬರು ಸಾಮಾನ್ಯ ಆಟಗಾರರನ್ನು ಪಡೆಯಿತು. ಆ ವ್ಯವಹಾರ ಕುದುರಲು ಎಲ್ಲಿಸ್ ಅವರ ಜೊತೆಗೆ ಒಂದು ಆರನೆಯ ಸುತ್ತಿನ ಡ್ರಾಫ್ಟ್ ಸರದಿಯನ್ನೂ ಸೇರಿಸಿ ಕೊಡಬೇಕಾಯಿತು. ಈ ಬಾರಿ ಷರತ್ತಿನೊಡನೆ. ಕರಾರಿನ ಅವಧಿ 2026–27ರ ಋತುವಿನವರೆಗೆ.